ಬಾಗಿಲು ತೆರೆಯಲು ಮೂವತ್ತು ಪದ

ನಮ್ಮ ತರಬೇತಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ಗೋಕಾಕದ ನನ್ನ ಮನೆಗೆ ಬಂದಿದ್ದರು. ಚುರುಮುರಿ ತಿಂದು ಚಹಾ ಕುಡಿದ ಮೇಲೆ ಒಬ್ಬಳು ವಹಿ ತೆರೆದು, "ಅಕ್ಕಾರ, ಆನ್‌ಲೈನ್ ತರಬೇತಿಯೊಳಗ ಗುಂಪಿನ ಚಟುವಟಿಕಿ ಬರಿಯಾಕ ಮೂರು ಪದ್ಧತಿ ಅದಾವಂತಲ್ರಿ, ಯಾವುದು ಛಲೋ?" ಎಂದು ಕೇಳಿದಳು. ನಾನು ಒಂದು ತಾಸು ಮಾತಾಡಿದೆ. ಅವರು ಎದ್ದು ಹೋದ ಮೇಲೆ ನೋಡಿದರೆ, ಹೇಳಲೇಬೇಕಾದ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ. ಮರೆತು ಬಿಟ್ಟದ್ದಲ್ಲ, ನಾಚಿಕೆಯಾಗಿ ಬಿಟ್ಟದ್ದು.

ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿದವಳು, ಆಮೇಲೆ ಶಿಕ್ಷಕರಿಗೆ ಕಲಿಸುವ ಕೇಂದ್ರಕ್ಕೆ ಬಂದವಳು. ನಿವೃತ್ತಿಗೆ ಆರು ವರ್ಷ ಉಳಿದಿರುವಾಗ ತರಬೇತಿಗಳೆಲ್ಲ ಮೊಬೈಲಿಗೆ ಇಳಿದವು. ಮೊದಲು ಶಿಕ್ಷಕರು ಬಸ್ಸಿಳಿದು ಬೆವರು ಒರೆಸಿಕೊಳ್ಳುತ್ತ ಬಂದು, ಮಧ್ಯಾಹ್ನದ ಊಟದ ಬಗ್ಗೆ ತಕರಾರು ಹೇಳಿ, ಸಂಜೆ ಸಹಿ ಮಾಡಿ ಹೋಗುತ್ತಿದ್ದರು. ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನವರು ತಮ್ಮ ತಮ್ಮ ಊರಲ್ಲೇ ಕೂತು, ಐದೈದು ಜನರ ಗುಂಪು ಮಾಡಿಕೊಂಡು, ಒಟ್ಟಿಗೆ ಒಂದು ಪಾಠ ತಯಾರಿಸಬೇಕು. ಐದು ಜನ ಸುಮ್ಮನೆ ಒಂದು ಗುಂಪಿನಲ್ಲಿದ್ದರೆ ಪಾಠ ಆಗುವುದಿಲ್ಲ. ಯಾರು ಏನು ಮಾಡಬೇಕು, ಯಾರಾದ ಮೇಲೆ ಯಾರು, ಯಾವಾಗ ಮುಗಿಯಬೇಕು, ಇದನ್ನೆಲ್ಲ ಮೊದಲೇ ಬರೆದಿಡಬೇಕು. ಕಾಗದಪತ್ರದಲ್ಲಿ ಇದಕ್ಕೆ ಕಲಿಕೆಯ ಮಾದರಿ ತಯಾರಿಸುವುದು ಎಂದು ದೊಡ್ಡ ಹೆಸರು. ಮದುವೆ ಮನೆಯಲ್ಲಿ ನೀರು ಯಾರು, ಎಲೆ ಯಾರು, ಬಡಿಸುವವರು ಯಾರು ಎಂದು ಮುಂಚಿನ ದಿನ ಹೇಳಿಡುತ್ತಾರಲ್ಲ, ಕೆಲಸ ಅಷ್ಟೇ. ಆದರೆ ಮದುವೆ ಮನೆಯಲ್ಲಿ ಒಬ್ಬರು ತಪ್ಪಿದರೆ ಇನ್ನೊಬ್ಬರು ಬಕೆಟ್ಟು ಹಿಡಿಯುತ್ತಾರೆ. ಇಲ್ಲಿ ಹಿಡಿಯುವುದಿಲ್ಲ.

ನನ್ನ ಪದ್ಧತಿ ಕಥೆಯ ಹಾಗೆ ಬರೆಯುವುದು. "ಸೋಮವಾರ ಎಲ್ಲರೂ ಪಾಠ ಓದುತ್ತೀರಿ, ನಿಮ್ಮ ತರಗತಿಯ ಒಂದು ಅನುಭವ ಹೇಳುತ್ತೀರಿ, ಬುಧವಾರ ಕೂಡಿ ಚರ್ಚಿಸುತ್ತೀರಿ" ಎಂದು ಎರಡು ಪುಟ ಚೆಂದಾಗಿ ಬರೆದೆ. ಬುಧವಾರ ಬೆಳಿಗ್ಗೆ ಗುಂಪು ತೆರೆದು ನೋಡುತ್ತೇನೆ: ಶುಭೋದಯದ ಗುಲಾಬಿ ಹೂವು, ನಮಸ್ಕಾರದ ಕೈ, ಯಾರದೋ ಮಗಳ ಹುಟ್ಟುಹಬ್ಬ, ಅದಕ್ಕೆ ನಾಲ್ಕು ಜನರ ಶುಭಾಶಯ. ಚರ್ಚೆ ಮಾತ್ರ ಇಲ್ಲ. ಶುಕ್ರವಾರ ಒಬ್ಬರೇ ಇಡೀ ಪಾಠ ಬರೆದು ಹಾಕಿದರು, ಉಳಿದ ನಾಲ್ವರು ಹೆಬ್ಬೆರಳು ತೋರಿಸಿದರು. ಐವರಿಗೂ ಪ್ರಮಾಣಪತ್ರ ಸಿಕ್ಕಿತು. "ಚರ್ಚಿಸಿ" ಎಂದು ಬರೆದರೆ ಜನ ಚರ್ಚಿಸುತ್ತಾರೆ ಎಂದು ಇಷ್ಟು ವರ್ಷ ಕಲಿಸಿದ ಮೇಲೂ ನಂಬಿದ್ದೆನಲ್ಲ, ಅದೇ ನನ್ನ ಮೊದಲ ಹುಂಬತನ.

ಎರಡನೆಯ ಪದ್ಧತಿ ಮೂಡಲಗಿಯ ಶಬಾನಾಳದು. ಅವಳೂ ಶಿಕ್ಷಕಿ, ಕಂಪ್ಯೂಟರು ಬಲ್ಲವಳು ಎಂದು ನಮ್ಮ ಕೇಂದ್ರಕ್ಕೆ ಹಾಕಿದ್ದರು. ಅವಳು ಹಳೆಯ ಲಗ್ನಪತ್ರಿಕೆಗಳ ಹಿಂಬದಿಯನ್ನು ಕತ್ತರಿಸಿ ಚೀಟಿ ಮಾಡಿದ್ದಳು. ಒಂದೊಂದು ಚೀಟಿಯಲ್ಲಿ ಒಂದೊಂದು ರೂಢಿ. "ಒಬ್ಬೊಬ್ಬರು ಒಂದು ಭಾಗ ಓದಿ ಉಳಿದವರಿಗೆ ಹೇಳಿಕೊಡುವುದು." "ಇಬ್ಬಿಬ್ಬರು ಮಾತಾಡಿ ಆಮೇಲೆ ನಾಲ್ವರಾಗುವುದು." ಬೇಕಾದ ಚೀಟಿ ಜೋಡಿಸಿಕೊಂಡರೆ ಚಟುವಟಿಕೆ ತಯಾರು. ಅದು ನನಗೆ ಹಿಡಿಸಿತು. ಆದರೆ ಮೊದಲ ಸಲವೇ ಮೂರನೆಯ ಭಾಗ ಓದಬೇಕಾದ ಶಿಕ್ಷಕರು ತಂಗಿಯ ಸೀಮಂತಕ್ಕೆ ಹೋಗಿಬಿಟ್ಟರು. ಇಡೀ ಗುಂಪಿಗೆ ಒಂದು, ಎರಡು, ನಾಲ್ಕು, ಐದು ಗೊತ್ತಾಯಿತು, ಮೂರು ಇವತ್ತಿಗೂ ಗೊತ್ತಿಲ್ಲ. ಶಬಾನಾ ನಕ್ಕು, "ಒಂದು ಬದಲಿ ಚೀಟಿ ಇಡಬೇಕಿತ್ರಿ ಅಕ್ಕಾರ" ಎಂದಳು. ನಗುವ ವಯಸ್ಸು ಅವಳದು.

ಮೂರನೆಯದು ದೇಸಾಯಿ ಸರ್ ಅವರ ನಕ್ಷೆ. ಅವರು ನಮ್ಮ ಕೇಂದ್ರದ ಮುಖ್ಯಸ್ಥರು. ಗೋಡೆಯಷ್ಟು ದೊಡ್ಡ ಹಾಳೆಯಲ್ಲಿ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಒಂದೊಂದು ಚೌಕದಲ್ಲಿ ಯಾರು, ಏನು, ಎಷ್ಟು ದಿನ. ಅದನ್ನು ಕಂಪ್ಯೂಟರಿಗೆ ಏರಿಸಿದರೆ ಎರಡು ಚೌಕಗಳ ನಡುವೆ ಒಂದು ಬಾಗಿಲು. ಒಳಗಿನ ಐವರೂ ತಮ್ಮ ಕೆಲಸ ಮುಗಿಸಿದ ಹೊರತು ಬಾಗಿಲು ತೆರೆಯುವುದಿಲ್ಲ. ಅವರ ಬಗ್ಗೆ ಸುಳ್ಳು ಹೇಳಬಾರದು, ಆ ಮನುಷ್ಯ ದುಡಿಯುವವರು, ಮತ್ತು ಅವರ ಮಾತಿನಲ್ಲಿ ಸತ್ಯವಿತ್ತು. "ನಿಮ್ಮ ಕಥಿಯೊಳಗ ಒಬ್ಬ ದುಡೀತಾನ, ನಾಕ್ ಮಂದಿ ಉಣ್ತಾರ್ರಿ ಮೇಡಂ. ನನ್ನ ನಕ್ಷಾದಾಗ ಕೈ ಕಟಗೊಂಡು ಕುಂತವ ಕೆಂಪಗ ಕಾಣ್ತಾನ" ಎನ್ನುತ್ತಿದ್ದರು. ನಿಜ, ಕೆಲಸ ಮಾಡದವರ ಹೆಸರು ಪರದೆಯ ಮೇಲೆ ಕೆಂಪಾಗುತ್ತಿತ್ತು.

ನನ್ನ ಸೇವೆ ಹನ್ನೊಂದು ತಿಂಗಳು ಉಳಿದಿದ್ದಾಗ ಮೇಲಿನ ಕಚೇರಿಯಿಂದ ಆದೇಶ ಬಂತು. ಒಂದೇ ಚಟುವಟಿಕೆಯನ್ನು ಮೂರೂ ಪದ್ಧತಿಯಲ್ಲಿ ಬರೆದು, ಬೇರೆ ಬೇರೆ ಗುಂಪುಗಳಿಗೆ ಕೊಟ್ಟು, ತುಲನೆ ಮಾಡಿ ವರದಿ ಕಳಿಸಿ ಎಂದು. ಗೆದ್ದ ಪದ್ಧತಿ ಮೂರೂ ತಾಲೂಕಿಗೆ ಜಾರಿ. ಗೆದ್ದ ಗುಂಪು ತಯಾರಿಸಿದ ಪಾಠ ಎಲ್ಲ ಶಾಲೆಗಳಿಗೆ. ವರದಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಆಗಲೇ ನನ್ನ ಕಣ್ಣುಗಳು ಸಂಜೆಯ ಹೊತ್ತಿಗೆ ಉರಿಯುತ್ತಿದ್ದವು, ಮೊಬೈಲು ಟಿಣ್ ಎಂದರೆ ಅದನ್ನು ಬೋರಲು ಹಾಕಿಡುತ್ತಿದ್ದೆ. ಕಾಗದ ಕಳಿಸಿ ಕೈ ತೊಳೆದುಕೊಂಡರೆ ಸಾಕಾಗಿತ್ತು.

ಚಟುವಟಿಕೆ ಸುತ್ತಳತೆ ಮತ್ತು ಕ್ಷೇತ್ರಫಲದ ಪಾಠ. ದೇಸಾಯಿ ಸರ್ ನಕ್ಷೆಯ ಒಂದು ಗುಂಪಿನಲ್ಲಿ ಹುಕ್ಕೇರಿ ತಾಲೂಕಿನ ದಡ್ಡಿಯ ರೇಣುಕಾ ಇದ್ದಳು. ಅತಿಥಿ ಶಿಕ್ಷಕಿ, ಮದುವೆಯಾಗಿ ಆ ಊರಿಗೆ ಬಂದವಳು. ಅದೇ ಗುಂಪಿನಲ್ಲಿ ಕೌಜಲಗಿ ಕಡೆಯ ಒಂದು ಶಾಲೆಯ ಹೆಡ್‌ಮಾಸ್ತರರಾದ ಹಾದಿಮನಿ ಮಾಸ್ತರರು ಇದ್ದರು. ಉಳಿದ ಮೂವರಲ್ಲಿ ಇಬ್ಬರು ಮೂಡಲಗಿಯವರು, ಒಬ್ಬರು ಗೋಕಾಕ ಫಾಲ್ಸಿನವರು. ಪರಿಚಯವಿಲ್ಲದವರು ಒಂದಾಗಲಿ ಎಂದು ಬೇರೆ ಬೇರೆ ತಾಲೂಕಿನವರನ್ನು ಯಂತ್ರವೇ ಆರಿಸಿ ಕೂಡಿಸುತ್ತಿತ್ತು. ಯಂತ್ರಕ್ಕೆ ರೇಣುಕಾಳ ಶಾಲೆ ಗೊತ್ತಿತ್ತು, ತವರು ಗೊತ್ತಿರಲಿಲ್ಲ. ಅವಳ ತವರು ಕೌಜಲಗಿಯ ಬಾಜೂ ಹಳ್ಳಿ. ಒಂದರಿಂದ ಏಳರವರೆಗೆ ಅವಳಿಗೆ ಕಲಿಸಿದವರು ಇದೇ ಹಾದಿಮನಿ ಮಾಸ್ತರರು.

ಮೂರು ಚೌಕ ಸಲೀಸಾಗಿ ದಾಟಿದರು. ನಾಲ್ಕನೆಯದರಲ್ಲಿ ಪ್ರತಿಯೊಬ್ಬರೂ ತಮ್ಮ ಮುಂದಿನವರು ಬರೆದ ಭಾಗ ಓದಿ, ಒಂದು ಆಕ್ಷೇಪ ಬರೆಯಬೇಕು. ಕನಿಷ್ಠ ಮೂವತ್ತು ಪದ. ಐದೂ ಆಕ್ಷೇಪ ಬಿದ್ದರೆ ಬಾಗಿಲು ತೆರೆಯುತ್ತದೆ. ರೇಣುಕಾಳಿಂದ ಹೊರಟ ಬಾಣ ಹಾದಿಮನಿ ಮಾಸ್ತರರಿಗೆ ನಾಟಿತ್ತು.

ನಾಲ್ಕು ಆಕ್ಷೇಪ ಎರಡೇ ದಿನದಲ್ಲಿ ಬಿದ್ದವು. ರೇಣುಕಾ ಬರೆಯಲಿಲ್ಲ. ಅವಳ ಹೆಸರು ಕೆಂಪಾಯಿತು. ಒಂದು ದಿನ, ಎರಡು ದಿನ, ಒಂಬತ್ತು ದಿನ. ಗುಂಪಿನಲ್ಲಿ ಮೂಡಲಗಿಯವರೊಬ್ಬರು "ಯಾರ್ರಿ ಅದು ಗಾಡಿ ನಿಂದರಿಸಿದವರು?" ಎಂದು ಕೇಳಿದರು. ಪಾಪ, ಸ್ವತಃ ಮಾಸ್ತರರೇ ಬರೆದರು: "ರೇಣುಕಾ, ಏನಾರ ಬರಿಯವಾ, ಎಲ್ಲಾರೂ ನಿನ್ನ ದಾರಿ ನೋಡಾಕತ್ತಾರ." ಹೆಸರು ಕೆಂಪಾಗಿಯೇ ಉಳಿಯಿತು. ದೇಸಾಯಿ ಸರ್ ನನ್ನನ್ನು ಕರೆದು, "ಆ ಹುಡುಗಿಗೆ ಆಸಕ್ತಿ ಇಲ್ಲ ಅಂತ ಬರದು ತಗದುಬಿಡೂಣೇನ್ರಿ?" ಎಂದರು. ತೆಗೆದರೆ ಪ್ರಮಾಣಪತ್ರ ಹೋಗುತ್ತದೆ, ಮುಂದಿನ ವರ್ಷ ಶಾಲೆಯಲ್ಲಿ ಅವಳನ್ನು ಇಟ್ಟುಕೊಳ್ಳುವಾಗ ಅದು ಮಾತಾಗುತ್ತದೆ. ನಾನು ಫೋನ್ ಮಾಡಿದೆ.

"ಮಾಸ್ತರರು ಬರದದ್ದು ಓದೀ ಇಲ್ಲವಾ?"

"ನಾಕ್ ಸಲ ಓದೇನ್ರಿ ಅಕ್ಕಾರ."

"ಮತ್ತ ಯಾಕ ಸುಮ್ಮನಿದ್ದಿ?"

ಸಣ್ಣ ದನಿಯಲ್ಲಿ, "ಅದರಾಗ ತಪ್ಪೈತ್ರಿ" ಎಂದಳು.

ಮಾಸ್ತರರು ಒಂದು ಹೊಲದ ಸುತ್ತಳತೆ ಹೆಚ್ಚಾದರೆ ಅದರ ಕ್ಷೇತ್ರಫಲವೂ ಹೆಚ್ಚಾಗುತ್ತದೆ ಎಂದು ಬರೆದಿದ್ದರು. ಓದುವಾಗ ಸರಿ ಎನಿಸುತ್ತದೆ. ನಾನೂ ಮೊದಲ ಸಲ ಓದಿ ಮುಂದೆ ಹೋಗಿದ್ದೆ. "ನಮ್ಮನಿಯವರದು ಹೊಳಿ ದಂಡೀಗಿ ಉದ್ದಕ ಪಟ್ಟಿ ಹೊಲಾ ಐತ್ರಿ" ಎಂದಳು ರೇಣುಕಾ. "ಸುತ್ತ ಬೇಲಿ ಹಾಕಾಕ ಹೋದ್ರ ಮುಗಿಯೂದ ಇಲ್ಲ. ಬಾಜೂದವರದು ಚೌಕ ಹೊಲಾ. ಬೇಲಿ ಕಡಿಮಿ, ಭೂಮಿ ನಮ್ಮಕಿಂತ ಹೆಚ್ಚು. ಸರ್ ಬರದಂಗ ಇಲ್ರಿ ಅದು."

ಐದು ವರ್ಷದಲ್ಲಿ ನಾನು ಬರೆದ ಯಾವ ಚಟುವಟಿಕೆಯೂ ಇಂಥ ಮಾತನ್ನು ಯಾರ ಬಾಯಿಂದಲೂ ತೆಗೆಸಿರಲಿಲ್ಲ. "ಇದನ್ನ ಬರಿಯವಾ, ಇದನ್ನ" ಎಂದೆ.

"ಆಗೂದಿಲ್ರಿ ಅಕ್ಕಾರ. ಅವರು ನನಗ ಮಗ್ಗಿ ಕಲಿಸಿದವರ್ರಿ. ನಮ್ಮಪ್ಪ ಸಾಲಿ ಬಿಡಿಸಿದಾಗ ಮನಿಗಿ ಬಂದು, ಕಟ್ಟೀ ಮ್ಯಾಲ ಕುಂತು, ನೀವು ಕಳಸ್ತೇನಿ ಅನ್ನೂತನಾ ನೀರೂ ಕುಡಿಯೂದಿಲ್ಲ ಅಂದಿದ್ರು. ನಾಕ್ ಮಂದಿ ಓದೂ ಜಾಗಾದಾಗ ಅಂಥವರಿಗೆ ತಪ್ಪು ಅಂತ ಬರಿಯಾಕ ನನ್ನ ಕೈ ಏಳೂದಿಲ್ರಿ."

ಇಲ್ಲಿ ನಾನು ಮಾಡಬಹುದಾದದ್ದು ಬಹಳ ಇತ್ತು. ನನ್ನ ಕಥೆಯ ಪದ್ಧತಿಯಾಗಿದ್ದರೆ, ಗುಂಪಿನ ಹೊರಗೆ ಇಬ್ಬರೇ ಮಾತಾಡಿಕೊಳ್ಳಿ ಎನ್ನುತ್ತಿದ್ದೆ. ಶಬಾನಾಳ ಪದ್ಧತಿಯಾಗಿದ್ದರೆ ಚೀಟಿ ಬದಲಿಸಬಹುದಿತ್ತು. ನಕ್ಷೆಯ ಬಾಣ ತಿರುಗಿಸಲು ಮಾತ್ರ ಮೇಲಿನ ಕಚೇರಿಗೆ ಪತ್ರ ಬರೆಯಬೇಕು, ಕಾರಣ ಕೊಡಬೇಕು, ಅವರು ಸ್ಪಷ್ಟೀಕರಣ ಕೇಳುತ್ತಾರೆ, ಮತ್ತೆ ಬರೆಯಬೇಕು. ಅಥವಾ ನಾನೇ ಮಾಸ್ತರರಿಗೆ ಫೋನ್ ಮಾಡಿ ಹೇಳಬಹುದಿತ್ತು, ಐದು ನಿಮಿಷದ ಕೆಲಸ. ಏನೂ ಮಾಡಲಿಲ್ಲ. ನಾನು ದಣಿದಿದ್ದೆ. "ಹಂಗಾರ ಏನಾರ ಮೂವತ್ತು ಪದ ಬರದು ಹಾಕಿಬಿಡು. ಯಂತ್ರ ಓದೂದಿಲ್ಲ, ಬರೇ ಎಣಸ್ತೈತಿ. ಬಾಗಿಲಾ ತೆರೀತೈತಿ, ಎಲ್ಲಾರೂ ಮುಂದ ಹೋಗ್ತಾರ" ಎಂದೆ.

"ಸುಳ್ಳ ಬರೀಲೇನ್ರಿ?"

"ಸುಳ್ಳಲ್ಲವಾ. ಛಲೋ ಇದ್ದದ್ದು ಬರಿ."

ಅವಳು ಬರೆದಳು. ಆಕ್ಷೇಪ ಎಂಬ ಹೆಸರಿನ ಜಾಗದಲ್ಲಿ, "ಪೂಜ್ಯ ಗುರುಗಳ ಪಾಠ ಬಹಳ ಸುಂದರವಾಗಿ ಮೂಡಿಬಂದಿದೆ, ಭಾಷೆ ಸರಳವಾಗಿದೆ, ಚಿತ್ರಗಳು ಅಚ್ಚುಕಟ್ಟಾಗಿವೆ" ಎಂದು ಶುರುವಾಗಿ ಮೂವತ್ತೊಂದು ಪದ. ಬಾಗಿಲು ತೆರೆಯಿತು. ಕೆಂಪು ಹಸಿರಾಯಿತು. ಮಾಸ್ತರರು ಕೈ ಮುಗಿದ ಚಿತ್ರ ಹಾಕಿದರು.

ತುಲನೆಯ ಕೋಷ್ಟಕದಲ್ಲಿ ಮೂರು ಸಾಲು: ಎಷ್ಟು ಹಂತ ಮುಗಿಯಿತು, ಎಷ್ಟು ಪದ ಬರೆದರು, ಎಲ್ಲರೂ ಭಾಗವಹಿಸಿದರೇ. ನನ್ನ ಕಥೆಯ ಗುಂಪಿನವರು ಬರೆದದ್ದು ಕಡಿಮೆ, ಏಕೆಂದರೆ ಫೋನಿನಲ್ಲೇ ಮಾತಾಡಿಕೊಂಡಿದ್ದರು. ಅದನ್ನು ಎಣಿಸುವ ಸಾಲು ಇರಲಿಲ್ಲ. ಶಬಾನಾಳ ಗುಂಪು ಎರಡು ಹಂತ ಬಿಟ್ಟಿತ್ತು. ರೇಣುಕಾಳ ಗುಂಪು ಎಲ್ಲದರಲ್ಲೂ ಪೂರ್ತಿ, ನಕ್ಷೆ ಗೆದ್ದಿತು. ಸಹಿ ಹಾಕುವ ದಿನ ಶಬಾನಾ ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾರ, ಆ ಗುಂಪಿನವರು ಬರದದ್ದು ಓದೀರೇನ್ರಿ?" ಎಂದು ಕೇಳಿದಳು.

"ಓದೇನಿ" ಎಂದೆ. ಅವಳು ನಿಂತೇ ಇದ್ದಳು. ನಾನು ಸಹಿ ಹಾಕಿದೆ.

ಸುತ್ತಳತೆ ಹೆಚ್ಚಾದರೆ ಕ್ಷೇತ್ರಫಲ ಹೆಚ್ಚು ಎಂಬ ಆ ಸಾಲೂ ಪಾಠದ ಜೊತೆಗೇ ಮೂರು ತಾಲೂಕಿನ ಶಾಲೆಗಳಿಗೆ ಹೋಯಿತು. ನನಗೆ ಗೊತ್ತಿತ್ತು. ಆಮೇಲೆ ತಿದ್ದಿಸಿದರಾಯಿತು ಎಂದುಕೊಂಡೆ. ಆಮೇಲೆ ಎನ್ನುವುದು ಬರಲಿಲ್ಲ, ನಿವೃತ್ತಿ ಬಂತು. ಶಾಲು ಹೊದಿಸಿದರು, ಭಾಷಣ ಮಾಡಿದರು, ಅದನ್ನು ಬರೆಯುವುದರಲ್ಲಿ ಅರ್ಥವಿಲ್ಲ.

ನಿವೃತ್ತಿಯಾಗಿ ನಾಲ್ಕು ತಿಂಗಳ ಮೇಲೆ ಒಂದು ರವಿವಾರ ಬೆಳಿಗ್ಗೆ ಹಾದಿಮನಿ ಮಾಸ್ತರರು ನನ್ನ ಮನೆಗೆ ಬಂದರು. ನಾನು ಅವರನ್ನು ಮುಖತಃ ನೋಡಿದ್ದು ಅದೇ ಮೊದಲು. ತೆಳ್ಳನೆಯ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೂರುವ ಮೊದಲೇ ಹೇಳತೊಡಗಿದರು. ಶಾಲೆಯ ಕೈತೋಟದಲ್ಲಿ ಎರಡು ಮಡಿ ಮಾಡಿಸಿದ್ದರಂತೆ. ಒಂದು ಹತ್ತು ಮಾರು ಉದ್ದ, ಎರಡು ಮಾರು ಅಗಲ. ಇನ್ನೊಂದು ಐದು ಮಾರಿನ ಚೌಕ. ಚದರ ಮಾರಿಗೊಂದರಂತೆ ಬದನೆ ಸಸಿ ಹಚ್ಚಿಸಿ, ಸುತ್ತ ತಂತಿ ಕಟ್ಟಿಸಿದರು.

"ಉದ್ದನ ಮಡಿಗೆ ಇಪ್ಪತ್ತನಾಕ್ ಮಾರು ತಂತಿ ಹೋತ್ರಿ, ಸಸಿ ಹಿಡಿದದ್ದು ಇಪ್ಪತ್ತು. ಚೌಕಕ್ಕ ಇಪ್ಪತ್ತ ಮಾರು ತಂತಿ, ಸಸಿ ಇಪ್ಪತ್ತೈದು. ಎರಡ ಸಲ ಎಣಿಸಿದೆ. ನಾ ಬರದದ್ದು ತಪ್ಪು. ಇಷ್ಟ ವರ್ಷ ಹಂಗ ಕಲಿಸೇನಿ."

"ಯಾರಾದ್ರೂ ಬರೀತಿದ್ರು ಸರ್. ನಾನೂ ಮೊದಲ ನೋಡಲಿಲ್ಲ" ಎಂದೆ.

"ಅದಕ್ಕ ಬಂದಿಲ್ರಿ ನಾ." ಅವರು ಅಂಗಿಯ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ರೇಣುಕಾ ಬರೆದ ಆ ಮೂವತ್ತೊಂದು ಪದವನ್ನು ಅಚ್ಚು ಹಾಕಿಸಿ ಇಟ್ಟುಕೊಂಡಿದ್ದರು. "ಇದನ್ನ ಹೆಂಡತಿಗಿ, ಮಕ್ಕಳಿಗಿ ಓದಿ ತೋರಿಸೇನ್ರಿ, ನನ್ನ ವಿದ್ಯಾರ್ಥಿನಿ ಬರದದ್ದು ಅಂತ. ಈಗ ಒಂದ ಮಾತು ಹೇಳ್ರಿ. ಆಕಿಗೆ ತಪ್ಪು ಗೊತ್ತಿತ್ತೋ ಇಲ್ಲೋ? ಗೊತ್ತಿರಲಿಲ್ಲ ಅಂದ್ರ ನಾ ಕಲಿಸಿದ್ದು ಸರಿ ಇಲ್ಲ. ಗೊತ್ತಿತ್ತು ಅಂದ್ರ, ಗೊತ್ತಿದ್ದೂ ಗುರುವಿನ ಮುಂದ ಬಾಯಿ ಮುಚ್ಚಬೇಕು ಅಂತ ಕಲಿಸೇನಿ. ಎರಡರೊಳಗ ಯಾವುದ್ರಿ?"

ಆ ಪ್ರಶ್ನೆಗೆ ಸುಳ್ಳು ಹೇಳುವ ಆಸೆ ನನಗೆ ಬಂತು. ಗೊತ್ತಿರಲಿಲ್ಲ ಎಂದರೆ ನಾನು ಉಳಿಯುತ್ತಿದ್ದೆ. ಆದರೆ ಅವರು ಹಾಳೆಯನ್ನು ನನ್ನ ಮುಂದೆ ಹಿಡಿದೇ ಇದ್ದರು.

"ಗೊತ್ತಿತ್ತು ಸರ್. ಒಂಬತ್ತ ದಿವಸ ಆಕಿ ಬರಿಯಲಿಲ್ಲ. ಏನಾರ ಬರದು ಹಾಕು ಅಂದಾಕಿ ನಾನು."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹಾಳೆಯನ್ನು ಹಿಂದಿನ ಮಡಿಕೆಯಂತೆಯೇ ಮಡಿಸಿ ಜೇಬಿಗಿಟ್ಟರು. ನಾನು, "ರೇಣುಕಾಗ ಒಂದ ಫೋನ್ ಮಾಡ್ರಿ ಸರ್" ಎಂದೆ.

"ನಾ ಮಾಡಿದ್ರ ಆಕಿ ಮತ್ತ ಹೌದ್ರಿ ಸರ್, ಹೌದ್ರಿ ಸರ್ ಅಂತಾಳ. ಆಕೀನ ಮಾಡ್ಲಿ" ಎಂದು ಎದ್ದರು. ಚಹಾ ಹಾಗೇ ಉಳಿಯಿತು.

ಮರುದಿನ ಹಳೆಯ ಕೇಂದ್ರಕ್ಕೆ ಹೋದೆ. ದೇಸಾಯಿ ಸರ್ ಎಲ್ಲ ಕೇಳಿಸಿಕೊಂಡು, ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. "ಪಾಠ ಇವತ್ತ ತಿದ್ದಸ್ತೇನಿ. ವರದಿ ಮಾತ್ರ ಕೇಳಬ್ಯಾಡ್ರಿ, ಮ್ಯಾಲಿನವರು ನಕ್ಷಾ ಒಪ್ಪಿ, ಮೂರೂ ತಾಲೂಕದಾಗ ನಡಸಾಕತ್ತಾರ." ಪಾಠ ತಿದ್ದಿಸಿದರು. ನಕ್ಷೆ ಇವತ್ತಿಗೂ ಹಾಗೇ ಇದೆ, ಅದರ ಕೆಳಗೆ ನನ್ನ ಸಹಿ ಇದೆ.

ನನ್ನ ಮನೆಗೆ ಬಂದಿದ್ದ ಹೊಸಬರೇ, ಯಾವ ಪದ್ಧತಿ ಛಲೋ ಎಂದು ಕೇಳಿದಿರಿ. ನನಗೆ ಗೊತ್ತಿಲ್ಲ. ಕಥೆಯಾಗಿ ಬರೆಯಿರಿ, ಚೀಟಿ ಜೋಡಿಸಿರಿ, ನಕ್ಷೆ ಹಾಕಿರಿ. ಆದರೆ ಯಾರಿಂದ ಯಾರಿಗೆ ಬಾಣ ಎಳೆಯುತ್ತೀರೋ ಅವರಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಎಂದು ಮೊದಲು ಫೋನ್ ಮಾಡಿ ಕೇಳಿ. ಮತ್ತು ಹಸಿರು ಬಿದ್ದ ಕೂಡಲೇ ಪರದೆ ಮುಚ್ಚಬೇಡಿ, ಏನು ಬರೆದಿದ್ದಾರೆ ಎಂದು ಓದಿ. ಓದಿದ ಮೇಲೆ, ಎಷ್ಟೇ ದಣಿದಿದ್ದರೂ, ಸುಮ್ಮನಿರಬೇಡಿ.

ಮಾಸ್ತರರು ಬಂದು ಹೋದ ಆ ವಾರವೇ ನಾನು ಹುಕ್ಕೇರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ದಡ್ಡಿಗೆ ಹೋದೆ. ಶಾಲೆ ಬಿಟ್ಟಿತ್ತು. ರೇಣುಕಾ ಖಾಲಿ ತರಗತಿಯಲ್ಲಿ ವಹಿ ತಿದ್ದುತ್ತ ಕೂತಿದ್ದಳು. ಮಾಸ್ತರರು ಬಂದದ್ದು, ಕೇಳಿದ್ದು, ನಾನು ಹೇಳಿದ್ದು, ಎಲ್ಲ ಹೇಳಿದೆ. ಅವಳ ಮುಖ ಕೆಂಪಾಯಿತು.

"ಯಾಕ ಹೇಳಿದ್ರಿ ಅಕ್ಕಾರ? ಅವತ್ತ ಬರಿ ಅಂದವರೂ ನೀವ, ಇವತ್ತ ಹೇಳಿದವರೂ ನೀವ. ನಡುವ ನನ್ನ ಮರ್ಯಾದಿ ಹೋತಲ್ರಿ."

"ಹೌದವಾ, ತಪ್ಪು ನಂದ" ಎಂದೆ. ಬೇರೆ ಹೇಳುವಂಥದ್ದು ನನ್ನ ಹತ್ತಿರ ಇರಲಿಲ್ಲ. ಅವಳು ಅತ್ತಳು. ಅತ್ತು, ಮುಖ ತೊಳೆದುಕೊಂಡು ಬಂದು, ಮೊಬೈಲು ಕೈಗೆ ತೆಗೆದುಕೊಂಡು, ಮತ್ತೆ ಮೇಜಿನ ಮೇಲಿಟ್ಟಳು. ಹೀಗೆ ಎರಡು ಮೂರು ಸಲ. ಕೊನೆಗೆ ನಂಬರು ಒತ್ತಿ, ಮೊಬೈಲನ್ನು ಮೇಜಿನ ಮೇಲೇ ಇಟ್ಟು ಸ್ಪೀಕರ್ ಹಾಕಿದಳು.

"ಸರ್, ನಾ ರೇಣುಕಾ."

"ಹೇಳವಾ."

"ಆ ಪಾಠದಾಗ..." ಎಂದು ಮಾತು ನಿಲ್ಲಿಸಿದಳು. ಆಚೆ ಮಾಸ್ತರರು ಕಾದರು. "ಆ ಪಾಠದಾಗ ನೀವು ಬರದದ್ದು ತಪ್ಪೈತ್ರಿ ಸರ್."

"ಯಾಕ ತಪ್ಪು?"

ಅದು ತರಗತಿಯಲ್ಲಿ ಪ್ರಶ್ನೆ ಕೇಳುವ ದನಿ. ರೇಣುಕಾ ಅಭ್ಯಾಸದಿಂದ ಎದ್ದು ನಿಂತಳು. ನಿಂತವಳು ಒಂದೇ ಉಸಿರಿಗೆ ಬೇಲಿ, ಹೊಲ, ಉದ್ದ, ಅಗಲ ಎಂದು ಗಡಬಡಿಸಿ ಹೇಳತೊಡಗಿದಳು.

"ತಡಿ, ತಡಿ. ಕಣ್ಣಿಗಿ ಚಾಳೀಸ ಹಾಕ್ಕೋತೇನಿ." ಆಚೆ ಏನೋ ಸರಿದಾಡಿದ ಸದ್ದು, ಹಾಳೆ ತಿರುವಿದ ಸದ್ದು. "ಹಾಂ, ಈಗ ಹೇಳು. ಸಾವಕಾಶ ಹೇಳವಾ, ಬರಕೊಳ್ಳಾಕತ್ತೇನಿ."

ರೇಣುಕಾ ನನ್ನ ಕಡೆ ನೋಡಿದಳು. ನನಗೆ ಕಣ್ಣು ತುಂಬಿ ಬಂದಿತ್ತು, ಅವಳ ಮುಖ ಸರಿಯಾಗಿ ಕಾಣಲಿಲ್ಲ. ಅವಳು ಸೀಮೆಸುಣ್ಣ ತೆಗೆದುಕೊಂಡು, ಅವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ, ಹಲಗೆಯ ಮೇಲೆ ಒಂದು ಉದ್ದನೆಯ ಪಟ್ಟಿ ಎಳೆದಳು.

"ಉದ್ದ ಎಂಟು ಮಾರು ಅಂತ ಬರಕೋರಿ ಸರ್."

"ಬರದೆ."

"ಅಗಲ ಒಂದು."

"ಬರದೆ. ಮುಂದ?"